ಪ್ರವಾಸದ ಊರುಗಳಲ್ಲಿ ಬಾಡಿಗೆ ಸೈಕಲ್ ಸಿಗಲಿ

ಮಾನ್ಯ ಸಂಪಾದಕರೇ,

ರಜೆ ಬಂತೆಂದರೆ ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ ಧರ್ಮಸ್ಥಳ, ಶೃಂಗೇರಿ, ಹೊರನಾಡು, ಉಡುಪಿ ಎಂದು ಹೊರಡುವುದು ನಮ್ಮ ಕಡೆಯ ವಾಡಿಕೆ. ತೂಕ ಇಳಿಸಲೆಂದು ನಿತ್ಯ ಸೈಕಲ್ ತುಳಿಯುವ ನನ್ನಂಥ ನಡುವಯಸ್ಸಿನವರು ಅಲ್ಲಿ ಎದುರಿಸುವ ತೊಂದರೆಯೊಂದನ್ನು ಪ್ರವಾಸೋದ್ಯಮ ಇಲಾಖೆ ಮತ್ತು ಸ್ಥಳೀಯ ಸಂಸ್ಥೆಗಳ ಗಮನಕ್ಕೆ ತರಲು ಈ ಪತ್ರ.

ವೈದ್ಯರ ಸೂಚನೆಯಂತೆ ದಿನವೂ ಬೆಳಿಗ್ಗೆ ಕುಂದವಾಡ ಕೆರೆಯ ಕಡೆಗೆ ಒಂದು ಗಂಟೆ ಸೈಕಲ್ ತುಳಿದು, 14 ತಿಂಗಳಲ್ಲಿ 92 ಕೆ.ಜಿ.ಯಿಂದ 81ಕ್ಕೆ ಇಳಿದಿದ್ದೇನೆ. ಬೆಣ್ಣೆ ದೋಸೆಯ ಊರಿನಲ್ಲಿದ್ದುಕೊಂಡು ಇದನ್ನು ಸಾಧಿಸುವುದು ಎಷ್ಟು ಕಷ್ಟವೆಂಬುದು ದಾವಣಗೆರೆಯವರಿಗೆ ಗೊತ್ತು. ಆದರೆ ಕಳೆದ ವರ್ಷ ಆರು ದಿನಗಳ ಯಾತ್ರೆ ಮುಗಿಸಿ ಬಂದು ತಕ್ಕಡಿಯ ಮೇಲೆ ನಿಂತಾಗ ಎರಡೂವರೆ ಕೆ.ಜಿ. ಹೆಚ್ಚಾಗಿತ್ತು. ಇಷ್ಟು ದಿನ ಪಟ್ಟ ಪಾಡೆಲ್ಲ ನೀರುಪಾಲಾಯಿತೆಂದು ಬೇಸರಗೊಂಡು ಮೂರು ವಾರ ಸೈಕಲ್ಲನ್ನು ಮುಟ್ಟಲೇ ಇಲ್ಲ.

ಆಮೇಲೆ ತಿಳಿದದ್ದೇನೆಂದರೆ, ಹಾಗೆ ಏರಿದ್ದರಲ್ಲಿ ಬಹುಪಾಲು ನಿಜಕ್ಕೂ ನೀರೇ. ಹೊರಗಿನ ಊಟದ ಉಪ್ಪು ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ಅನ್ನ, ಸಿಹಿತಿಂಡಿಗಳಿಂದ ಸ್ನಾಯುಗಳಲ್ಲಿ ಮತ್ತು ಯಕೃತ್ತಿನಲ್ಲಿ ಕೂಡಿಕೊಳ್ಳುವ ಗ್ಲೈಕೊಜನ್ ಎಂಬ ಸಕ್ಕರೆಯ ದಾಸ್ತಾನು ತನ್ನ ಪ್ರತಿ ಗ್ರಾಮಿನೊಂದಿಗೆ ಸುಮಾರು 3 ಗ್ರಾಂ ನೀರನ್ನು ಸೇರಿಸಿಕೊಳ್ಳುತ್ತದೆ. ಒಂದು ಕೆ.ಜಿ. ಕೊಬ್ಬೆಂದರೆ ಸುಮಾರು 7,700 ಕ್ಯಾಲರಿ. ಎಷ್ಟೇ ಹೋಳಿಗೆ ತಿಂದರೂ ಆರು ದಿನದಲ್ಲಿ ಎರಡೂವರೆ ಕೆ.ಜಿ. ಕೊಬ್ಬು ಬೆಳೆಯುವುದು ಸುಲಭವಲ್ಲ. ನನಗೆ ಹಾನಿ ಮಾಡಿದ್ದು ಯಾತ್ರೆಯ ಊಟಕ್ಕಿಂತ ಹೆಚ್ಚಾಗಿ, ಅದರ ನಂತರ ಕೈಬಿಟ್ಟ ಆ ಮೂರು ವಾರಗಳೇ.

ಆದ್ದರಿಂದ ಈ ಬಾರಿ ದಸರಾ ರಜೆಯಲ್ಲಿ ಮಲ್ಪೆಗೆ ಹೋದಾಗ ತೂಕದ ಚಿಂತೆ ಬಿಟ್ಟು, ರೂಢಿ ತಪ್ಪದಂತೆ ನೋಡಿಕೊಳ್ಳೋಣವೆಂದುಕೊಂಡೆ. ಊರೆಲ್ಲ ವಿಚಾರಿಸಿದರೂ ಬಾಡಿಗೆ ಸೈಕಲ್ ಸಿಗಲಿಲ್ಲ. ಕೊನೆಗೆ ನಾವು ಉಳಿದಿದ್ದ ವಸತಿಗೃಹದ ರಾತ್ರಿ ಕಾವಲುಗಾರರು ತಮ್ಮ ಹಳೆಯ ಸೈಕಲ್ಲನ್ನೇ ಕೊಟ್ಟರು. ಬಾಡಿಗೆ ಬೇಡ, ಚೈನಿಗೆ ಎಣ್ಣೆ ಹಾಕಿಕೊಡಿ, ಸಾಕು ಎಂದರು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ ಇರುವ ಪಡುಕೆರೆಯ ರಸ್ತೆಯಲ್ಲಿ, ಗುಳ್ಳ ಬದನೆಗೆ ಹೆಸರಾದ ಮಟ್ಟುವಿನ ದಿಕ್ಕಿಗೆ, ಮನೆಯವರು ಏಳುವುದರೊಳಗೆ ಮೂರು ದಿನ ಹೋಗಿ ಬಂದೆ. ಏರಿಳಿತವಿಲ್ಲದ ಅಂಥ ದಾರಿ ನಮ್ಮ ಊರಿನಲ್ಲೂ ಇಲ್ಲ. "ದೇವರ ದರ್ಶನಕ್ಕೆ ಬಂದವನಿಗೆ ಇದೆಂಥ ಹುಚ್ಚು" ಎಂದು ತಾಯಿಯವರು ಗೊಣಗಿದರಾದರೂ, ಮಧ್ಯಾಹ್ನ ಪಕ್ಕದಲ್ಲಿ ಕುಳಿತು ಎರಡನೆಯ ಹೋಳಿಗೆಯನ್ನು ಎಲೆಗೆ ಹಾಕಿಸಿದವರೂ ಅವರೇ. ತುಪ್ಪ ಹಾಕಿದ ಎರಡು ಹೋಳಿಗೆಗೂ ಒಂದು ಗಂಟೆಯ ಸವಾರಿಗೂ ಹೆಚ್ಚು ಕಡಿಮೆ ಸರಿಹೋಗುತ್ತದೆಂದು ನಾನೂ ಸುಮ್ಮನಾದೆ.

ಸ್ವಂತ ಸೈಕಲ್ಲನ್ನು ಒಯ್ಯಬಹುದಲ್ಲವೇ ಎಂದು ಕೆಲವರು ಕೇಳಬಹುದು. ರೈಲಿನ ಬ್ರೇಕ್ ವ್ಯಾನಿನಲ್ಲಿ, ಅಂದರೆ ಸಾಮಾನು ಸಾಗಿಸುವ ಡಬ್ಬಿಯಲ್ಲಿ, ಬುಕ್ ಮಾಡಿ ಕಳುಹಿಸಲು ಅವಕಾಶವಿದೆ, ನಿಜ. ಆದರೆ ಧರ್ಮಸ್ಥಳ, ಶೃಂಗೇರಿ, ಹೊರನಾಡುಗಳಿಗೆ ರೈಲೇ ಇಲ್ಲ. ಹನ್ನೆರಡು ಜನ ಮತ್ತು ಅವರ ಗಂಟುಮೂಟೆ ತುಂಬಿದ ಟೆಂಪೊದ ಮೇಲೆ ಸೈಕಲ್ ಕಟ್ಟಿಸುವ ಧೈರ್ಯ ನನಗಂತೂ ಇಲ್ಲ.

ನಾವು ಚಿಕ್ಕವರಿದ್ದಾಗ ಗಂಟೆಯ ಲೆಕ್ಕದಲ್ಲಿ ಸೈಕಲ್ ಕೊಡುವ ಅಂಗಡಿಗಳು ಬೀದಿಬೀದಿಯಲ್ಲಿದ್ದವು. ಹಂಪಿಯಲ್ಲಿ ಇಂದಿಗೂ ಪ್ರವಾಸಿಗರಿಗೆ ಬಾಡಿಗೆ ಸೈಕಲ್ ಸಿಗುತ್ತದೆ. ಮೈಸೂರಿನಲ್ಲಿ 2017ರಲ್ಲಿ 'ಟ್ರಿಣ್ ಟ್ರಿಣ್' ಸಾರ್ವಜನಿಕ ಸೈಕಲ್ ವ್ಯವಸ್ಥೆಯೇ ಆರಂಭವಾಯಿತು. ಯಾತ್ರಾಸ್ಥಳಗಳಲ್ಲಿ ಅಷ್ಟು ದೊಡ್ಡ ಯೋಜನೆ ಬೇಕಿಲ್ಲ. ಬಸ್ ನಿಲ್ದಾಣ ಅಥವಾ ಯಾತ್ರಿನಿವಾಸದ ಬಳಿ, ಸೀಟು ಏರಿಸಿ ಇಳಿಸಲು ಬರುವ, ಬ್ರೇಕ್ ಸರಿಯಾಗಿರುವ ಹತ್ತು ಸೈಕಲ್ಲುಗಳನ್ನಿಟ್ಟು, ನಿರ್ವಹಣೆಯನ್ನು ಸ್ಥಳೀಯ ಸ್ವಸಹಾಯ ಸಂಘಕ್ಕೋ ಸೈಕಲ್ ರಿಪೇರಿಯವರಿಗೋ ವಹಿಸಿದರೆ ಸಾಕು. ಬಾಗಿಲು ಮಾತ್ರ ಬೆಳಿಗ್ಗೆ ಐದೂವರೆಗೇ ತೆರೆಯಬೇಕು; ಎಂಟು ಗಂಟೆಗೆ ನಮ್ಮ ಟೆಂಪೊ ಮುಂದಿನ ಊರಿಗೆ ಹೊರಟುಬಿಡುತ್ತದೆ.

– ಓದುಗ, ದಾವಣಗೆರೆ