ಮಗಳು ಹುಷಾರಾದಳು, ನಿಮಗೆಲ್ಲ ಋಣಿ

ಹೋದ ವಾರ ಶಿವಮೊಗ್ಗದ ಮಕ್ಕಳ ಡಾಕ್ಟರು ನಮ್ಮ ಮಗಳ ಸ್ಟೀರಾಯ್ಡ್ ಮಾತ್ರೆಯನ್ನು ಪೂರ್ತಿ ನಿಲ್ಲಿಸಿದರು. ಸುದ್ದಿ ಕೇಳಿ ಫೋನ್ ಮಾಡಿದವರ ಹತ್ತಿರ ನೆಟ್ಟಗೆ ಮಾತಾಡಲೂ ಆಗಲಿಲ್ಲ, ಅಳುವೇ ಬರುತ್ತಿತ್ತು. ಅವತ್ತು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವಳಿಗೆ ಬಂದಿದ್ದು ನೆಫ್ರೋಟಿಕ್ ಸಿಂಡ್ರೋಮ್. ಕಿಡ್ನಿ ಸರಿಯಾಗಿ ಸೋಸದೆ, ಮೈಯಲ್ಲಿ ಉಳಿಯಬೇಕಾದ ಪ್ರೋಟೀನು ಮೂತ್ರದಲ್ಲಿ ಹೋಗಿಬಿಡುತ್ತದೆ. ಬೆಳಿಗ್ಗೆ ಎದ್ದರೆ ಕಣ್ಣು ಬಿಡಲಾಗದಷ್ಟು ಮುಖ ಊದಿರುತ್ತದೆ. ಮೊದಲ ಸಲ ಬಂದಾಗ ಸಾಮಾನ್ಯವಾಗಿ 6 ವಾರ ದಿನಾ ಮಾತ್ರೆ, ಆಮೇಲೆ 6 ವಾರ ದಿನ ಬಿಟ್ಟು ದಿನ. ನಮ್ಮ ಮಗಳಿಗೆ ಅದು ಮತ್ತೆ ಮರುಕಳಿಸಿತು. ಮಾತ್ರೆ ನಡೆಯುವಾಗ ಸೋಂಕು ತಗಲದ ಹಾಗೆ ನೋಡಿಕೊಳ್ಳಬೇಕು. ಹೊಸನಗರದ ಮಳೆಗಾಲದಲ್ಲಿ, ಒಲೆ ಮೇಲೆ ಬಟ್ಟೆ ಒಣಗಿಸುವ ಮನೆಯಲ್ಲಿ, ಅದೇನು ಸುಲಭವಾ?

ದಿನಾ ಬೆಳಿಗ್ಗೆ ಅವಳ ಮೊದಲ ಮೂತ್ರವನ್ನು ಗಾಜಿನ ಟ್ಯೂಬಿನಲ್ಲಿ ಹಿಡಿದು, ಮೇಲಿನ ಭಾಗವನ್ನು ಉರಿಗೆ ಹಿಡಿದು ಕಾಯಿಸುತ್ತಿದ್ದೆ. ತಿಳಿಯಾಗಿಯೇ ಉಳಿದರೆ ಜೀವ ಬಂದ ಹಾಗಾಗುತ್ತಿತ್ತು. ಮಬ್ಬಾದರೆ ಪ್ರೋಟೀನು ಹೋಗುತ್ತಿದೆ ಅಂತ. ಕೆಲವು ದಿನ ಮೊಸರಿನ ಹಾಗೆ ಬೆಳ್ಳಗೆ ಕಟ್ಟುತ್ತಿತ್ತು. ಅದನ್ನು ನೋಟ್‌ಬುಕ್ಕಲ್ಲಿ ಬರೆದು, ಅವಳ ತೂಕ ನೋಡಿ, ಉಪ್ಪು ಕಡಿಮೆ ಹಾಕಿ ತಿಂಡಿ ಮಾಡಿ, ಎಂಟರ ಬಸ್ಸು ಹಿಡಿದು ಪಾಠ ಮಾಡಲು ಶಾಲೆಗೆ ಹೋಗುವುದು ನನ್ನಿಂದ ಆಗುತ್ತಿರಲಿಲ್ಲ.

ಆಗ ಕೈಹಿಡಿದಿದ್ದು ಶಿಶುಪಾಲನಾ ರಜೆ. 2021ರ ಮಾರ್ಚ್ 8ರಂದು, ಮಹಿಳಾ ದಿನದಂದೇ ಮಂಡಿಸಿದ ರಾಜ್ಯ ಬಜೆಟ್ಟಿನಲ್ಲಿ, ಶಿಕಾರಿಪುರದ ಶಾಸಕರೂ ಆಗಿದ್ದ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಇದನ್ನು ಘೋಷಿಸಿದ್ದರು. ಅದೇ ವರ್ಷ ಆದೇಶವೂ ಬಂತು. ಹೆರಿಗೆ ರಜೆ ಬೇರೆ, ಇದು ಬೇರೆ. ಸರ್ಕಾರಿ ನೌಕರಿಯಲ್ಲಿರುವ ತಾಯಿಗೆ ಇಡೀ ಸೇವೆಯಲ್ಲಿ 180 ದಿನ, ಕಿರಿಯ ಮಗುವಿಗೆ 18 ತುಂಬುವವರೆಗೆ, ಸಂಬಳದ ಸಮೇತ. ನಾವು ಶಿಕ್ಷಕರಿಗೆ ಬೇಸಿಗೆ, ದಸರಾ ರಜೆ ಇರುವುದರಿಂದ ಗಳಿಕೆ ರಜೆ ವರ್ಷಕ್ಕೆ 10 ದಿನ ಮಾತ್ರ. ಈ ಆದೇಶ ಇಲ್ಲದಿದ್ದರೆ ನನಗೆ ಸಂಬಳವಿಲ್ಲದ ರಜೆಯೇ ಗತಿಯಾಗಿತ್ತು, ಅದೂ ಔಷಧಿಗೆ ದುಡ್ಡು ಬೇಕಾದ ಹೊತ್ತಿನಲ್ಲಿ. ಈ ರಜೆ ಬೇಕು ಅಂತ ಹಟ ಹಿಡಿದು ಕೇಳಿದವರಿಗೂ, ಮಂಜೂರು ಮಾಡಿದವರಿಗೂ ನನ್ನ ನಮಸ್ಕಾರ.

ಆದರೆ ನಮ್ಮದು ಇಬ್ಬರೇ ಶಿಕ್ಷಕರಿರುವ ಶಾಲೆ. ಒಂದರಿಂದ ಐದನೇ ಕ್ಲಾಸು. ನಾನು ಹೊರಟರೆ, ಆಡುತ್ತಾ ಕಲಿಸುವ ನಲಿಕಲಿಯ ಮೂರೂ ಕ್ಲಾಸು, ಅಂದರೆ ಒಂದರಿಂದ ಮೂರು, ಹೆಡ್‌ಮೇಷ್ಟ್ರ ತಲೆ ಮೇಲೆ. ಅರ್ಜಿ ಕೊಡಲು ನನಗೇ ಸಂಕೋಚ. ಅವರು ಓದಿ, "ಮೇಡಂ, ಮಗು ಕಡೆ ನೋಡಿ. ಶಾಲೆ ನಾನಿದೀನಿ" ಅಂದರು. ಬಿಸಿಯೂಟದ ಲೆಕ್ಕ, ಹಾಲು-ಮೊಟ್ಟೆ ಲೆಕ್ಕ, ಮೀಟಿಂಗು ಎಲ್ಲದರ ಜೊತೆ ಪಾಠವನ್ನೂ ಮಾಡಿದರು. "ಯಾವಾಗ ಬರ್ತೀರಿ" ಅಂತ ಒಂದು ದಿನವೂ ಕೇಳಲಿಲ್ಲ. ಸರ್, ನಿಮ್ಮ ಆ ಒಂದು ಮಾತಿನಿಂದ ನಾನು ಮನೆಯಲ್ಲಿ ನೆಮ್ಮದಿಯಾಗಿ ಕೂತೆ.

ಯಾವ್ಯಾವ ಕಾಗದ ಲಗತ್ತಿಸಬೇಕು ಅಂತ ಒಂದೇ ಸಲಕ್ಕೆ ಬರೆದುಕೊಟ್ಟು, ಸುಮ್ನೆ ಓಡಾಡಿಸದೆ ಕೆಲಸ ಮುಗಿಸಿಕೊಟ್ಟ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಸಿಬ್ಬಂದಿಗೆ ಧನ್ಯವಾದ. ಮಗುವಿಗೆ ಪ್ರೋಟೀನು ಬೇಕಂತೆ ಅಂತ ಊರಕೋಳಿ ಮೊಟ್ಟೆಯನ್ನು ಹೊಟ್ಟಿನ ಡಬ್ಬಿಯಲ್ಲಿಟ್ಟು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದ ನಮ್ಮ ಶಾಲೆಯ ಅಡುಗೆಯಕ್ಕನಿಗೆ, ಒಂದೂ ಒಡೆಯದ ಹಾಗೆ ತಲುಪಿಸಿದ ಆ ಕಂಡಕ್ಟರಣ್ಣನಿಗೂ.

ಇನ್ನೊಬ್ಬರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯವರು ಕೇಳಿಕೊಂಡ ಮೇಲೆ ನಮ್ಮ ಶಾಲೆಗೆ ಒಬ್ಬ ಅತಿಥಿ ಶಿಕ್ಷಕಿ ಬಂದರು. ಪಕ್ಕದ ಊರಿನಿಂದ ಗದ್ದೆ ಅಂಚಿನಲ್ಲಿ ನಡೆದೇ ಬರುತ್ತಾರೆ. ನನ್ನ ಒಂದನೇ ಕ್ಲಾಸಿನ ಒಬ್ಬ ಹುಡುಗ ಶಾಲೆಯಲ್ಲಿ ಬಾಯೇ ಬಿಡುತ್ತಿರಲಿಲ್ಲ. ಒಂದು ಸಂಜೆ ಅವರು ಕಳಿಸಿದ ವಾಯ್ಸ್ ಮೆಸೇಜಿನಲ್ಲಿ ಅವನು ನಲಿಕಲಿ ಕಾರ್ಡು ಹಿಡಿದು "ಗಸಗಸ, ಸರ, ದರ" ಅಂತ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದ. ಹಿಂದೆ ಹಂಚಿನ ಮೇಲೆ ಮಳೆ ಹೊಯ್ಯುವ ಸದ್ದು. ಮಗಳೂ ನಾನೂ ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದೆವು.

ಆ ಶಿಕ್ಷಕಿಗೂ ಅಂಗನವಾಡಿಗೆ ಹೋಗುವ ಮಗು ಇದೆ. ನನಗೆ ಸಿಕ್ಕ ಈ ರಜೆ ಅವರಿಗಿಲ್ಲ. ಮಗುವಿಗೆ ಜ್ವರ ಬಂದು ಮನೆಯಲ್ಲಿ ಉಳಿದರೆ ಆ ದಿನದ ಗೌರವಧನಕ್ಕೆ ಕತ್ತರಿ. ನನ್ನ ಮಗುವಿನ ಹತ್ತಿರ ನಾನು ಕೂರಲಿ ಅಂತ ಅವರು ತಮ್ಮ ಮಗುವನ್ನು ಬಿಟ್ಟು ಬಂದರು. ಇದು ಸರಿಯಲ್ಲ, ಅಲ್ವಾ? ಮೇಡಂ, ನಿಮಗೆ ಬರೀ ಥ್ಯಾಂಕ್ಸ್ ಹೇಳಿ ಸುಮ್ಮನಾಗಲು ನನಗೆ ಮನಸ್ಸಿಲ್ಲ. ಶಿಕ್ಷಕರ ಸಂಘದ ಮುಂದಿನ ತಾಲ್ಲೂಕು ಸಭೆಯಲ್ಲಿ ಈ ವಿಷಯ ಎತ್ತುತ್ತೇನೆ. ಮನವಿ ಬರೆದಿಟ್ಟಿದ್ದೇನೆ, ಹೆಡ್‌ಮೇಷ್ಟ್ರು ಮೊದಲ ಸಹಿ ಹಾಕಿದ್ದಾರೆ. ನಮ್ಮ ತಾಲ್ಲೂಕಿನ ಶಿಕ್ಷಕರು ಯಾರೇ ಇದನ್ನು ಓದುತ್ತಿದ್ದರೂ ಸಭೆಗೆ ಬನ್ನಿ, ನಿಮ್ಮ ಸಹಿಯೂ ಬೇಕು.