ಫುಲ್ ಇನ್ಶೂರೆನ್ಸ್‌ನಲ್ಲಿ ಬಂಪರ್ ಯಾಕಿಲ್ಲ?

ಮಾನ್ಯರೆ,

ಶಿರಾಡಿ ಘಾಟಿಯಲ್ಲಿ ನಮ್ಮ ಲಾರಿಯ ಮುಂಭಾಗ ಜಜ್ಜಿಹೋಯಿತು. ಫುಲ್ ಇನ್ಶೂರೆನ್ಸ್ ಇದ್ದರೂ ಬಂಪರ್, ಹೆಡ್‌ಲೈಟ್, ಮಡ್‌ಗಾರ್ಡ್‌ಗೆ ಒಂದು ರೂಪಾಯಿಯೂ ಸಿಗಲಿಲ್ಲ. ಪಾಲಿಸಿಯಲ್ಲಿ ‘ಐಎಂಟಿ 23’ ಎಂಬ ಹೆಚ್ಚುವರಿ ಷರತ್ತು ಇಲ್ಲವಂತೆ. ಸರಕು ಗಾಡಿಗಳಿಗೆ ಈ ಭಾಗಗಳ ಖರ್ಚು ಬರಬೇಕಾದರೆ ಜಾಸ್ತಿ ಪ್ರೀಮಿಯಂ ಕಟ್ಟಿ ಅದನ್ನು ಸೇರಿಸಿಕೊಳ್ಳಬೇಕು. ಪಾಲಿಸಿ ಮಾಡಿಸಿದ ಏಜೆಂಟ್ ಇದನ್ನು ಹೇಳಬೇಕಿತ್ತು, ಅಲ್ವಾ?

ಲೋಡಿನ ಮೆಕ್ಕೆಜೋಳ ನೆನೆದು ಹಾಳಾದರೂ ಗಾಡಿಯ ಪಾಲಿಸಿಯಿಂದ ಏನೂ ಬರುವುದಿಲ್ಲ. ಸರಕಿಗೆ ಬೇರೆಯದೇ ವಿಮೆ ಬೇಕು. ರಾತ್ರಿಯಿಡೀ ಜೊತೆಗೆ ಎಚ್ಚರವಿರುವ ಕ್ಲೀನರ್ ಹುಡುಗನಿಗೂ ಪ್ರೀಮಿಯಂ ಕಟ್ಟಿದೆಯಾ ಎಂದು ಮಾಲೀಕರು ದಯವಿಟ್ಟು ನೋಡಿಕೊಳ್ಳಿ.

ಯಾವುದಕ್ಕೆ ಪರಿಹಾರ ಇಲ್ಲ ಎಂಬುದನ್ನು ವಿಮಾ ಕಂಪನಿಗಳು ಪಾಲಿಸಿಯ ಮೊದಲ ಪುಟದಲ್ಲೇ, ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಅಚ್ಚು ಹಾಕಬೇಕು.

– ಲಾರಿ ಮಾಲೀಕ, ರಾಣೆಬೆನ್ನೂರು