ಪುರಸಭೆಯ ಹಳೆಯ ಕಟ್ಟಡದ ಗಾರೆ ಶಿಲ್ಪಗಳನ್ನು ಉಳಿಸಿಕೊಳ್ಳುವಂತೆ ಮನವಿ

ಇವರಿಗೆ,
ಅಧ್ಯಕ್ಷರು ಹಾಗೂ ಮುಖ್ಯಾಧಿಕಾರಿಗಳು,
ಪುರಸಭೆ ಕಾರ್ಯಾಲಯ.

ವಿಷಯ: ಹಳೆಯ ಕಾರ್ಯಾಲಯದ ಮುಂಗೋಡೆಯಲ್ಲಿರುವ ಉಬ್ಬುಶಿಲ್ಪಗಳನ್ನು ಸಂರಕ್ಷಿಸುವ ಬಗ್ಗೆ.

ಮಾನ್ಯರೇ,

ಪೇಟೆ ಬೀದಿ ಮತ್ತು ಕೋಟೆ ಭಾಗದ ನಿವಾಸಿಗಳಾದ ನಾವು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಮೈಸೂರು ಸಂಸ್ಥಾನದ ಕಾಲದಲ್ಲಿ ಕಟ್ಟಿದ ಹಳೆಯ ಕಾರ್ಯಾಲಯದ ದುರಸ್ತಿ ಸದ್ಯದಲ್ಲೇ ಆರಂಭವಾಗಲಿದ್ದು, ಮುಂಗೋಡೆಯ ಗಾರೆಯನ್ನು ಕೆತ್ತಿ ತೆಗೆದು, ಸಿಮೆಂಟ್ ಪ್ಲಾಸ್ಟರ್ ಮಾಡಿ, ಎನಾಮಲ್ ಬಣ್ಣ ಬಳಿಯುವ ಕೆಲಸವೂ ಅದರಲ್ಲಿ ಸೇರಿದೆ ಎಂದು ತಿಳಿದುಬಂದಿದೆ. ಮಳೆಗಾಲದಲ್ಲಿ ಸೋರುವ ಮಾಳಿಗೆಯ ಕೆಳಗೆ ಸಿಬ್ಬಂದಿಯವರು ಕಡತಗಳನ್ನು ಪ್ಲಾಸ್ಟಿಕ್ ಹಾಳೆ ಹೊದಿಸಿ ಕಾಯುವುದನ್ನು ನಾವೇ ಕಂಡಿರುವುದರಿಂದ ದುರಸ್ತಿಗೆ ನಮ್ಮ ವಿರೋಧ ಸ್ವಲ್ಪವೂ ಇಲ್ಲ.

ಆದರೆ ಆ ಮುಂಗೋಡೆಯ ಕಮಾನಿನ ಮೇಲೆ ಎರಡು ಆನೆಗಳ ನಡುವೆ ಗಜಲಕ್ಷ್ಮಿಯೂ ಅದರ ಮೇಲೆ ಗಂಡಭೇರುಂಡವೂ ಇವೆ. ಕಂಬಗಳ ತಲೆಯಿಂದ ಇಳಿದ ಬಳ್ಳಿಗಳಲ್ಲಿ ಗಿಳಿಗಳು ಕುಳಿತಿವೆ. ಎಡಗಡೆಯ ಗಿಳಿ ಬಲಗಡೆಯದಕ್ಕಿಂತ ತುಸು ದಪ್ಪ. ಅಚ್ಚಿನಲ್ಲಿ ಎರಕ ಹೊಯ್ಯದೆ, ಗಾರೆ ಹಸಿಯಿರುವಾಗಲೇ ಕೈಯಿಂದ ತಿದ್ದಿದ್ದರ ಗುರುತು ಅದು. 1047ರಷ್ಟು ಹಿಂದೆಯೇ ಬಳ್ಳಿಗಾವಿಯ ಕಂಬದ ಮೇಲೆ ನಿಂತಿದ್ದ ಭೇರುಂಡ ಇಂದು ನಮ್ಮ ರಾಜ್ಯ ಲಾಂಛನದಲ್ಲಿದೆ. 1912ರಲ್ಲಿ ಪೂರ್ಣಗೊಂಡ ಮೈಸೂರು ಅರಮನೆಯ ನಡುಗಮಾನಿನ ಮೇಲೂ ಗಜಲಕ್ಷ್ಮಿಯಿದ್ದಾಳೆ. ಅರಮನೆಯ ಗಜಲಕ್ಷ್ಮಿಯನ್ನು ನೋಡಲು ಮೈಸೂರಿಗೆ ಹೋಗಬೇಕು. ನಮ್ಮ ಊರಿನವಳನ್ನು ಕಂದಾಯ ಕಟ್ಟಲು ಬಂದ ಪ್ರತಿಯೊಬ್ಬರೂ ತಲೆಯೆತ್ತಿ ನೋಡಿದ್ದಾರೆ.

ಅರಳಿಸಿದ ಸುಣ್ಣಕ್ಕೆ ಮರಳು ಬೆರೆಸಿ, ಬೆಲ್ಲದ ನೀರು ಮತ್ತು ಅಳಲೆಕಾಯಿಯ ರಸ ಹಾಕಿ ಅರೆದ ಗಾರೆಯಲ್ಲಿ ಇಂಥ ಕೆಲಸ ಮಾಡುತ್ತಿದ್ದರು. ಸುಣ್ಣದ ಗಾರೆ ಗೋಡೆಯೊಳಗಿನ ತೇವವನ್ನು ಹೊರಕ್ಕೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ಅಥವಾ ಎನಾಮಲ್ ಬಳಿದರೆ ತೇವ ಒಳಗೇ ನಿಂತು, ಲವಣಗಳು ಮೇಲ್ಪದರದ ಹಿಂದೆ ಹರಳುಗಟ್ಟಿ, ಕೆಲವು ಮಳೆಗಾಲ ಕಳೆಯುವುದರೊಳಗೆ ಆ ಪದರ ಶಿಲ್ಪದ ಮೈಯನ್ನೂ ಕಿತ್ತುಕೊಂಡು ಉದುರುತ್ತದೆ. ಹಿಂದೊಮ್ಮೆ ಸಿಮೆಂಟ್ ತೇಪೆ ಹಾಕಿದ ಬಲಗಡೆಯ ಆನೆಯ ಕಾಲು ಈಗಾಗಲೇ ಈ ಸ್ಥಿತಿಯಲ್ಲಿದೆ. ಅದೇ ಆನೆಯ ಸೊಂಡಿಲಿಗೆ ಮೊಳೆ ಹೊಡೆದು ಕ್ಯಾಮೆರಾದ ಕೇಬಲ್ ಎಳೆದಿರುವುದು ನಮಗೆ ಬಹಳ ನೋವಿನ ಸಂಗತಿ.

ಆದ್ದರಿಂದ ಮಾಳಿಗೆ ಮತ್ತು ಒಳಗಿನ ಕೆಲಸವನ್ನು ಯಥಾಪ್ರಕಾರ ನಡೆಸಿ, ಮುಂಗೋಡೆಯ ಕೆಲಸವನ್ನು ಮಾತ್ರ ಸದ್ಯಕ್ಕೆ ತಡೆಹಿಡಿದು, ರಾಜ್ಯ ಪುರಾತತ್ವ ಇಲಾಖೆಯ ಸಲಹೆ ಪಡೆದ ನಂತರ ಗಾರೆ ಕೆಲಸ ಬಲ್ಲ ಕುಶಲಕರ್ಮಿಗಳಿಂದ ಸುಣ್ಣದಲ್ಲೇ ದುರಸ್ತಿ ಮಾಡಿಸಬೇಕೆಂದು ಕೋರುತ್ತೇವೆ. ಹಳೆಯ ಬಣ್ಣ ತೆಗೆಯಲು ತಂತಿ ಬ್ರಷ್ ಆಗಲಿ ರಭಸದ ನೀರಾಗಲಿ ಬಳಸಬಾರದು. ಗಂಡಭೇರುಂಡದ ಹಿಂದೆ ಬೇರುಬಿಟ್ಟಿರುವ ಅರಳಿ ಗಿಡವನ್ನು ಎಳೆದು ಕೀಳದೆ, ಬುಡಕ್ಕೆ ಕತ್ತರಿಸಿ ಬೇರನ್ನು ಅಲ್ಲಿಯೇ ಸಾಯಿಸಬೇಕು. ಕೆಲಸಕ್ಕೆ ಮೊದಲು ಪ್ರತಿಯೊಂದು ಶಿಲ್ಪದ ಛಾಯಾಚಿತ್ರ ಮತ್ತು ಅಳತೆ ಕಡತದಲ್ಲಿ ಸೇರಲಿ. ಇದನ್ನು ಉಚಿತವಾಗಿ ಮಾಡಿಕೊಡಲು ನಮ್ಮಲ್ಲಿ ಕೆಲವರು ಸಿದ್ಧರಿದ್ದಾರೆ. ಸಂವಿಧಾನದ 12ನೇ ಅನುಸೂಚಿಯು ಪಟ್ಟಣಾಡಳಿತದ ವಿಷಯಗಳಲ್ಲಿ ಸಾಂಸ್ಕೃತಿಕ ಹಾಗೂ ಸೌಂದರ್ಯದ ಅಂಶಗಳ ಉತ್ತೇಜನವನ್ನೂ ಹೆಸರಿಸಿರುವುದರಿಂದ, ಈ ವೆಚ್ಚವನ್ನು ಅನಗತ್ಯವೆಂದು ಯಾರೂ ಆಕ್ಷೇಪಿಸಲಾರರೆಂದು ನಂಬಿದ್ದೇವೆ.

ಗುತ್ತಿಗೆದಾರರು ಮುಂಗೋಡೆಗೆ ಸಾರವೆ ಕಟ್ಟುವ ಮೊದಲೇ ತಾವು ಒಮ್ಮೆ ನಮ್ಮೊಂದಿಗೆ ಸ್ಥಳ ಪರಿಶೀಲನೆ ನಡೆಸಿ, ಲಿಖಿತ ಉತ್ತರ ನೀಡಬೇಕಾಗಿ ಪ್ರಾರ್ಥಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಪೇಟೆ ಬೀದಿ ಹಾಗೂ ಕೋಟೆ ಭಾಗದ ನಿವಾಸಿಗಳು